ಲೀಡರ್ ಮನೆಗೆ ಓಡುವ ಮೊದಲು ಒಂದು ಅರ್ಜಿ ಬರೆಯಿರಿ

ಕೋಲಾರದ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ ನಾನು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡಿಕೊಂಡು ಬರುತ್ತಾರೆ. ಮನೆಯವರೊಬ್ಬರನ್ನು ಪೊಲೀಸರು ಕರೆದುಕೊಂಡು ಹೋದ ಕೂಡಲೇ ಅವರು ಓಡುವುದು ಲೀಡರ್ ಮನೆಗೆ. ಅವರು ಸಿಗದಿದ್ದರೆ ಇನ್ನೊಬ್ಬ ಲೀಡರ್. ಅವರೂ ಸಿಗದಿದ್ದರೆ ಅವರ ಪಿಎ, ಅವರ ಭಾವಮೈದ, ಅವರಿಗೆ ಪರಿಚಯ ಇರುವ ಕಂಟ್ರಾಕ್ಟರ್. ವಕೀಲರ ನೆನಪಾಗುವುದು ಎರಡನೇ ದಿನ, ಕೆಲವೊಮ್ಮೆ ಮೂರನೇ ದಿನ. ಅಷ್ಟು ಹೊತ್ತಿಗೆ ಮುಖ್ಯವಾದ ಸಮಯ ಕೈಬಿಟ್ಟು ಹೋಗಿರುತ್ತದೆ.

ಆಮೇಲೆ ನನ್ನ ಮುಂದೆ ಕೂತು ಕೇಳುತ್ತಾರೆ. "ಇದೇನು ಸಾರ್ ಪ್ರಜಾಪ್ರಭುತ್ವ? ವೋಟು ಹಾಕಿ ಗೆಲ್ಲಿಸಿದವರೇ ಫೋನ್ ಎತ್ತಲ್ಲ. ನಮ್ಮಂಥವರಿಗೆ ಏನು ರಕ್ಷಣೆ ಇದೆ ಇಲ್ಲಿ?"

ಪ್ರಶ್ನೆ ಸರಿಯಾಗಿಯೇ ಇದೆ. ಸಿಟ್ಟೂ ಸರಿ. ಅವರು ರಕ್ಷಣೆ ಹುಡುಕಿಕೊಂಡು ಹೋದ ಜಾಗ ಮಾತ್ರ ತಪ್ಪು.

ವೋಟು ಒಂದು ಕೆಲಸ ಮಾಡುತ್ತದೆ. ಯಾರು ಆಳಬೇಕು ಅಂತ ತೀರ್ಮಾನಿಸುತ್ತದೆ, ಬೇಡವಾದವರನ್ನು ಇಳಿಸುತ್ತದೆ. ಅದು ದೊಡ್ಡ ಕೆಲಸವೇ. ಆದರೆ ರಾತ್ರಿ ಒಂಬತ್ತಕ್ಕೆ ನಿಮ್ಮ ಮಗ ಠಾಣೆಯ ಬೆಂಚಿನ ಮೇಲೆ ಕೂತಿರುವಾಗ ಅವನನ್ನು ಕಾಯುವುದು ವೋಟಲ್ಲ. ಸಂವಿಧಾನದ 22ನೇ ವಿಧಿ. ಬಂಧಿಸಿದವರಿಗೆ ಯಾಕೆ ಬಂಧಿಸಿದ್ದೇವೆ ಅಂತ ತಿಳಿಸಬೇಕು. ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ಮ್ಯಾಜಿಸ್ಟ್ರೇಟರು ಚುನಾವಣೆಗೆ ನಿಲ್ಲುವವರಲ್ಲ. ಅವರಿಗೆ ನಿಮ್ಮ ವೋಟೂ ಬೇಡ, ನಿಮ್ಮ ಎದುರು ಪಾರ್ಟಿಯವರ ವೋಟೂ ಬೇಡ. ಅದಕ್ಕೇ ಆ ಜಾಗದಲ್ಲಿ ಅವರನ್ನು ಇಟ್ಟಿರುವುದು.

ಇಷ್ಟು ಬಹಳ ಜನರಿಗೆ ಗೊತ್ತು. ಹತ್ತನೇ ಕ್ಲಾಸು ಓದಿದ ಹುಡುಗರೂ 24 ಗಂಟೆ ಅಂತ ಹೇಳುತ್ತಾರೆ. ಅರ್ಥವಾಗದೆ ಉಳಿಯುವುದು ಮುಂದಿನ ಮಾತು. ಅದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ.

24 ಗಂಟೆ ಯಾವಾಗಿನಿಂದ ಲೆಕ್ಕ? ಠಾಣೆಯ ಪುಸ್ತಕದಲ್ಲಿ "ದಸ್ತಗಿರಿ" ಅಂತ ಬರೆದ ಸಮಯದಿಂದಲೇ? ಅಥವಾ ನಿಮ್ಮ ಮಗನನ್ನು ಹೊಲದಿಂದ ಜೀಪು ಹತ್ತಿಸಿದ ಸಮಯದಿಂದಲೇ? ಸ್ವಂತ ಇಷ್ಟದಿಂದ ಎದ್ದು ಹೋಗಲಾಗದ ಹಾಗೆ ತಡೆದ ಗಳಿಗೆಯಿಂದಲೇ ಲೆಕ್ಕ ಶುರುವಾಗುತ್ತದೆ ಅಂತ ಒಂದಕ್ಕಿಂತ ಹೆಚ್ಚು ಹೈಕೋರ್ಟುಗಳು ಹೇಳಿವೆ. ಕಾನೂನು ನಿಮ್ಮ ಪರ ಇದೆ. ಆದರೆ ಆ ಗಳಿಗೆ ಯಾವುದು ಅಂತ ಮ್ಯಾಜಿಸ್ಟ್ರೇಟರಿಗೆ ಗೊತ್ತಾಗುವುದು ಹೇಗೆ? ಸೋಮವಾರ ಸಂಜೆ ಕರೆದುಕೊಂಡು ಹೋಗಿ, ಬುಧವಾರ ಬೆಳಗ್ಗೆ ದಸ್ತಗಿರಿ ಅಂತ ಬರೆದರೆ, ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಡುವಿನ ಎರಡು ರಾತ್ರಿ ಎಲ್ಲೂ ಇರುವುದಿಲ್ಲ. ಮನೆಯವರು "ಸೋಮವಾರವೇ ಸಾರ್" ಅಂತ ಅಳುತ್ತಾರೆ. "ಏನು ಆಧಾರ ಇದೆ?" ಅಂತ ಕೇಳಿದರೆ ಲೀಡರಿಗೆ ಮಾಡಿದ ಫೋನುಗಳನ್ನು ತೋರಿಸುತ್ತಾರೆ. ಆ ಫೋನಿನಲ್ಲಿ ಏನು ಮಾತಾಯಿತು ಅಂತ ಲೀಡರ್ ಕೋರ್ಟಿಗೆ ಬಂದು ಹೇಳುತ್ತಾರಾ? ಹೇಳಿದ್ದನ್ನು ನಾನಂತೂ ನೋಡಿಲ್ಲ.

ಅದೇ ಸೋಮವಾರ ರಾತ್ರಿ ನೀವು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಕಳಿಸಿದ್ದರೆ? "ನನ್ನ ಮಗನನ್ನು ಇವತ್ತು ಸಂಜೆ ಇಷ್ಟು ಗಂಟೆಗೆ, ಇಂಥ ಜಾಗದಿಂದ, ಇಂಥ ಠಾಣೆಯವರು ಕರೆದುಕೊಂಡು ಹೋಗಿದ್ದಾರೆ. ಕಾರಣ ತಿಳಿಸಿಲ್ಲ. ಈಗ ರಾತ್ರಿ ಇಷ್ಟು ಗಂಟೆ." ಇದನ್ನು ಎಸ್‌ಪಿ ಕಚೇರಿಗೆ ಇಮೇಲ್ ಮಾಡಿ. ಬೆಳಗ್ಗೆ ಪೋಸ್ಟ್ ಆಫೀಸು ತೆರೆದ ತಕ್ಷಣ ಸ್ಪೀಡ್ ಪೋಸ್ಟಿನಲ್ಲಿ ಹಾಕಿ. ಇಮೇಲ್ ಬರುವುದಿಲ್ಲವೇ? 112ಕ್ಕೆ ಫೋನ್ ಮಾಡಿ ಅದೇ ಮಾತು ಹೇಳಿ. ಆ ಕರೆಗೆ ದಾಖಲೆ ಇರುತ್ತದೆ. ಈಗ ಸೋಮವಾರಕ್ಕೆ ಒಂದು ಸಾಕ್ಷಿ ಹುಟ್ಟಿತು. ಆ ಸಾಕ್ಷಿಯನ್ನು ಯಾರೂ ಬುಧವಾರಕ್ಕೆ ತಳ್ಳಲು ಆಗುವುದಿಲ್ಲ.

ಲೀಡರ್ ಫೋನಿಗೂ ಈ ನಾಲ್ಕು ಸಾಲಿಗೂ ಇರುವ ವ್ಯತ್ಯಾಸವನ್ನು ಜನ ಯೋಚಿಸುವುದಿಲ್ಲ. ಲೀಡರ್ ಹೇಳಿ ಬಿಡಿಸಿದರೆ ನಿಮ್ಮ ಮಗ ಹೊರಗೆ ಬರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದು ಉಪಕಾರವಾಯಿತು. ಅದರ ಋಣ ನಿಮ್ಮ ಮೇಲೆ ಉಳಿಯಿತು. ಮುಖ್ಯವಾಗಿ, ಕಾನೂನಿನ ಲೆಕ್ಕದಲ್ಲಿ ನಿಮ್ಮ ಮಗನನ್ನು ಹಿಡಿದೇ ಇರಲಿಲ್ಲ. ಇನ್ನೊಂದು ಸಲ ಹಿಡಿದಾಗ, ಹಿಂದೆಯೂ ಹೀಗೇ ಮಾಡಿದ್ದರು ಅಂತ ತೋರಿಸಲು ಏನೂ ಇರುವುದಿಲ್ಲ. ಇನ್ನೂ ಒಂದು ಇದೆ. ನಿಮ್ಮ ಲೀಡರಿಗಿಂತ ದೊಡ್ಡ ಲೀಡರು ನಿಮ್ಮ ಎದುರಾಳಿಗೆ ಪರಿಚಯ ಇದ್ದರೆ? ಆಗ ಫೋನು ನಿಮ್ಮ ವಿರುದ್ಧವೇ ಬರುತ್ತದೆ.

ಮುಳಬಾಗಿಲು ಕಡೆಯ ಒಂದು ಕುಟುಂಬ ನನಗೆ ಮರೆಯುವುದಿಲ್ಲ. ತಾಯಿ, ಇಬ್ಬರು ಮಕ್ಕಳು. ಟೊಮೇಟೊ ಬೆಳೆಯುವವರು. ಪಕ್ಕದ ಜಮೀನಿನವರ ಜೊತೆ ಬಂಡಿ ದಾರಿಯ ಜಗಳ. ದೊಡ್ಡ ಮಗನನ್ನು ಠಾಣೆಗೆ "ಸುಮ್ನೆ ವಿಚಾರಣೆಗೆ" ಅಂತ ಕರೆದರು. ಫೋನಿನಲ್ಲಿ ಕರೆದದ್ದು, ನೋಟಿಸಿಲ್ಲ. ಅವನು ಹೋದ. ರಾತ್ರಿಯೆಲ್ಲ ಕೂರಿಸಿದರು. ತಾಯಿ ಆ ರಾತ್ರಿ ಲೀಡರ್ ಮನೆ ಬಾಗಿಲಲ್ಲಿ ಕೂತಿದ್ದರು. ಲೀಡರ್ ಯಾವುದೋ ಮದುವೆಗೆ ಹೋಗಿದ್ದರು. ಮಾರನೇ ದಿನ ಮಧ್ಯಾಹ್ನ ಒಂದು ಫೋನು ಬಂತು, ಹುಡುಗನನ್ನು ಬಿಟ್ಟರು. ಬಿಡುವ ಮುಂಚೆ ಎರಡು ಬಿಳಿ ಹಾಳೆಗೆ ಸೈನ್ ಹಾಕಿಸಿಕೊಂಡರು. ಮನೆಯವರಿಗೆ ಹುಡುಗ ಬಂದನಲ್ಲ ಅನ್ನುವ ಸಂತೋಷ. ಕೆಲವು ತಿಂಗಳಾದ ಮೇಲೆ ಆ ಹಾಳೆಯೊಂದು ರಾಜಿ ಪತ್ರವಾಗಿ ಹೊರಬಂತು. ದಾರಿಯ ಮೇಲೆ ತಮಗೆ ಯಾವ ಹಕ್ಕೂ ಇಲ್ಲ ಅಂತ ಅದರಲ್ಲಿ ಬರೆದಿತ್ತು. ಕೆಳಗೆ ಹುಡುಗನದೇ ಸಹಿ. ಸಿವಿಲ್ ಕೋರ್ಟಿನಲ್ಲಿ ಅದನ್ನು ಅಳಿಸಿಹಾಕಲು ಪಟ್ಟ ಕಷ್ಟ ಆ ತಾಯಿಗೆ ಗೊತ್ತು. ಅಲ್ಲಿಯವರೆಗೂ ಅವರು ಟೊಮೇಟೊ ಬಾಕ್ಸುಗಳನ್ನು ತಲೆ ಮೇಲೆ ಹೊತ್ತೇ ರಸ್ತೆಗೆ ತಂದರು.

ಇದರಲ್ಲಿ ಎಷ್ಟು ಕಡೆ ಕಾನೂನು ಅವರ ಪರ ಇತ್ತು ನೋಡಿ. ಜಮೀನಿನ ಹಕ್ಕಿನ ಜಗಳ ತೀರಿಸುವುದು ಪೊಲೀಸರ ಕೆಲಸ ಅಲ್ಲ. ಬಂಧಿಸುವ ಅಗತ್ಯ ಇಲ್ಲದೆ ಹಾಜರಾಗಿ ಅಂತ ಮಾತ್ರ ಕರೆಯುವುದಾದರೆ, ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ಪ್ರಕಾರ ನೋಟಿಸು ಕೊಡಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಇದು ಬಂದಿದೆ. ಹಳೆಯದರಲ್ಲಿ 41ಎ ಅಂತಿತ್ತು. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಯೋಚಿಸದೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ಕೇಸಿನಲ್ಲಿ ಹೇಳಿದ್ದೂ ಇದರ ಮೇಲೆಯೇ. ತನಿಖೆಯಲ್ಲಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ದಸ್ತಗಿರಿ ಮೆಮೊ, ಮಹಜರು, ನೀವೇ ಕೊಟ್ಟ ದೂರು, ಇವುಗಳಿಗೆ ಸಹಿ ಬೇಕಾಗುತ್ತದೆ. ಅದು ಬೇರೆ. ಓದಿ ಹಾಕಿ. ಬಿಳಿ ಹಾಳೆಗೆ ಮಾತ್ರ ಯಾವತ್ತೂ, ಯಾರು ಹೇಳಿದರೂ, ಹಾಕಬೇಡಿ.

ಪೊಲೀಸರೆಲ್ಲ ಹೀಗೆ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ನೋಟಿಸು ಕೊಟ್ಟು, ಸರಿಯಾದ ಸಮಯ ಬರೆದು, ಬಂದವರಿಗೆ ಕಾಫಿ ಕೊಟ್ಟು ಮಾತಾಡಿಸುವ ಪಿಎಸ್‌ಐಗಳನ್ನು ಬಲ್ಲೆ. ಹಬ್ಬ, ಜಾತ್ರೆ, ಬಂದೋಬಸ್ತು ಅಂತ ನಿದ್ದೆಗೆಟ್ಟ ಪೇದೆಗಳ ಕಷ್ಟವೂ ಗೊತ್ತು. ಅವರಿಗೂ ಲೀಡರ್ ಫೋನು ತಲೆನೋವೇ. ನಿಮ್ಮ ಕೈಯಲ್ಲಿ ಅರ್ಜಿ ಇದ್ದರೆ ಒಳ್ಳೆಯ ಅಧಿಕಾರಿಗೂ ಅದು ಆಸರೆ. "ಬರಹದಲ್ಲಿ ಬಂದಿದೆ, ನಾನು ಏನೂ ಮಾಡಲಾಗದು" ಅಂತ ಮೇಲಿನವರಿಗೆ ಹೇಳಬಹುದು.

ಇನ್ನು ದೊಡ್ಡ ಪ್ರಶ್ನೆ. ಆರಿಸಿ ಬಂದ ಸರಕಾರವೇ ನಮ್ಮ ಸ್ವಾತಂತ್ರ್ಯ ಕಿತ್ತುಕೊಂಡರೆ? ಕಿತ್ತುಕೊಂಡದ್ದು ಉಂಟು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿದ್ದು ಚುನಾವಣೆ ಗೆದ್ದು ಬಂದ ಸರಕಾರ. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ಈ ಹೊತ್ತಿನಲ್ಲಿ ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ನಮ್ಮ ಬಂಧನ ಕಾನೂನುಬದ್ಧವೇ ನೋಡಿ ಅಂತ ಕೋರ್ಟನ್ನು ಕೇಳುವ ಅರ್ಜಿ, ಹಾಕುವಂತಿಲ್ಲ ಅಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆಮೇಲೆ ಏನಾಯಿತು? 1977ರಲ್ಲಿ ಜನ ವೋಟಿನಿಂದ ಆ ಸರಕಾರವನ್ನು ಇಳಿಸಿದರು. 1978ರ 44ನೇ ತಿದ್ದುಪಡಿಯಲ್ಲಿ, ತುರ್ತು ಪರಿಸ್ಥಿತಿಯಲ್ಲೂ 20ನೇ ವಿಧಿಯನ್ನೂ, ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿಯನ್ನೂ ಅಮಾನತು ಮಾಡುವಂತಿಲ್ಲ ಅಂತ ಬಂತು. 2017ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟು 1976ರ ಆ ತೀರ್ಪೇ ತಪ್ಪು ಅಂತ ತಳ್ಳಿಹಾಕಿತು. ವೋಟು ಬೇಕು, ಕೋರ್ಟೂ ಬೇಕು. ಒಂದು ಸೋತಾಗ ಇನ್ನೊಂದು ನಿಲ್ಲಬೇಕು.

ಎರಡೂ ಸೋತದ್ದನ್ನೂ ನಮ್ಮ ಜಿಲ್ಲೆ ಕಂಡಿದೆ. ಕಂಬಾಲಪಲ್ಲಿ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ, 2000ದಲ್ಲಿ ಕೋಲಾರ ಜಿಲ್ಲೆಯಲ್ಲೇ ಇತ್ತು. ಆ ವರ್ಷದ ಮಾರ್ಚಿನಲ್ಲಿ ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿಗಳು ತಿರುಗಿಬಿದ್ದರು. ಅದೇ ಊರಲ್ಲಿ ಬದುಕಬೇಕಾದ ಬಡವರು ಆರು ವರ್ಷ ಕಾದ ಮೇಲೆ ಕೋರ್ಟಿನಲ್ಲಿ ನಿಂತು ಹೇಳಲಿ ಅಂದರೆ ಯಾರ ಭರವಸೆಯ ಮೇಲೆ ಹೇಳಬೇಕಿತ್ತು? ಸಾಕ್ಷಿಗಳಿಗೆ ರಕ್ಷಣೆ ಕೊಡುವ ಯೋಜನೆಯನ್ನು ಸುಪ್ರೀಂ ಕೋರ್ಟು ಒಪ್ಪಿ ಜಾರಿಗೆ ತಂದದ್ದು 2018ರಲ್ಲಿ. ಈ ಕೇಸನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದ್ದರಿಂದ, ಒಂದು ಅರ್ಜಿ ಬರೆದರೆ ಎಲ್ಲವೂ ಸರಿಹೋಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅರ್ಜಿ ಇಲ್ಲದಿದ್ದರೆ ಹೋರಾಡಲು ಶುರುಮಾಡುವುದಕ್ಕೂ ಏನೂ ಇರುವುದಿಲ್ಲ ಅಂತ ಮಾತ್ರ ಹೇಳುತ್ತೇನೆ.

ಮುಂದೆ ಅಪರಾಧ ಮಾಡಬಹುದು ಅಂತ ಮೊದಲೇ ಹಿಡಿದಿಡುವ ಮುಂಜಾಗ್ರತೆ ಬಂಧನದ ಕಾಯ್ದೆಗಳಲ್ಲಿ 24 ಗಂಟೆಯ ನಿಯಮ ಇದೇ ರೀತಿ ಅನ್ವಯಿಸುವುದಿಲ್ಲ. ಪ್ರತಿ ಕೇಸಿನ ಸಂಗತಿಯೂ ಬೇರೆ. ಹಾಗಾಗಿ ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟು ಅಂತ ಕೇಳುವಂತೆಯೂ ಇಲ್ಲ. ಫೋನ್ ನಂಬರ್ 15100.

ನಮ್ಮ ಜಿಲ್ಲೆಯವರಿಗೆ ಒಂದು ಮಾತು. ಕೆಜಿಎಫ್‌ಗೆ ಪ್ರತ್ಯೇಕ ಎಸ್‌ಪಿ ಇದ್ದಾರೆ. ಬಂಗಾರಪೇಟೆ ಕೂಡ ಅವರಿಗೇ ಸೇರುತ್ತದೆ. ಆ ಕಡೆಯವರು ಕೋಲಾರದ ಎಸ್‌ಪಿಗೆ ಬರೆದು ಎರಡು ದಿನ ಕಳೆದುಕೊಂಡದ್ದನ್ನು ಕಂಡಿದ್ದೇನೆ. ದೂರು ತೆಗೆದುಕೊಳ್ಳದ ಠಾಣೆಯ ಮೇಲೆ ಬರೆಯುವಾಗಲೂ ಇದು ನೆನಪಿರಲಿ. ಕೊಟ್ಟ ಅರ್ಜಿಗೆ ಹಿಂಬರಹ, ಅಂದರೆ ಅರ್ಜಿ ಬಂದಿದೆ ಅಂತ ಬರೆದುಕೊಡುವ ಕಾಗದ, ಕೇಳಿ ಪಡೆಯಿರಿ. ಕೊಡದಿದ್ದರೆ ಅದೇ ಅರ್ಜಿಯನ್ನು ಪೋಸ್ಟಿನಲ್ಲಿ ಹಾಕಿ.

ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಬಾಯಿ ಬಿಡಿ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. "ಹೊಡೆದರಾ? ಯಾವಾಗ ಕರೆದುಕೊಂಡು ಬಂದರು?" ಅಂತ ಅವರು ಕೇಳುತ್ತಾರೆ. ಹುಡುಗರು ತಲೆ ತಗ್ಗಿಸಿ "ಇಲ್ಲ ಸ್ವಾಮಿ" ಅನ್ನುತ್ತಾರೆ. ಪಕ್ಕದಲ್ಲಿ ಪೇದೆ ನಿಂತಿರುತ್ತಾರಲ್ಲ, ಆ ಭಯ. ಆ ಒಂದು ನಿಮಿಷಕ್ಕಾಗಿಯೇ ಇಡೀ 22ನೇ ವಿಧಿ ಬರೆದಿರುವುದು. ಬಂಧನದ ಕಾರಣವನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಅಪರಾಧಗಳಿಗೂ ಅನ್ವಯಿಸಿ ಹೇಳಿದೆ. ಕೊಟ್ಟಿಲ್ಲ ಅಂದರೆ ಅದನ್ನೂ ಅಲ್ಲೇ ಹೇಳಿ.

ಹಳ್ಳಿಗಳಲ್ಲಿ ಕಾನೂನು ಅರಿವಿನ ಕಾರ್ಯಕ್ರಮಕ್ಕೆ ಹೋದಾಗ ಹಿರಿಯರೊಬ್ಬರು ಎದ್ದು ಕೇಳಿಯೇ ಕೇಳುತ್ತಾರೆ. "ಹಿಂಗೆ ಬರೆದು ಕಳಿಸಿದ್ರೆ ಪೊಲೀಸ್ರಿಗೆ ಕೋಪ ಬರಲ್ವಾ ಸ್ವಾಮಿ? ನಾಳೆ ನಾವು ಇದೇ ಊರಲ್ಲಿರ್ಬೇಕು." ಬರಬಹುದು ಅಂತಲೇ ನಾನು ಉತ್ತರ ಕೊಡುತ್ತೇನೆ. ಅದಕ್ಕೇ ಒಬ್ಬರೇ ಬರೆಯಬೇಡಿ. ಊರಿನ ಹತ್ತು ಮಂದಿ ಸೇರಿ ಸಹಿ ಹಾಕಿ. ಗ್ರಾಮ ಪಂಚಾಯಿತಿ ಸದಸ್ಯರೂ ಹಾಕಲಿ, ನಿಮ್ಮ ಲೀಡರೂ ಹಾಕಲಿ. ಫೋನು ಮಾಡಿ ಅಂತ ಕೇಳುವ ಬದಲು ಈ ಕಾಗದದ ಕೆಳಗೆ ಹೆಸರು ಬರೆಯಿರಿ ಅಂತ ಅವರನ್ನು ಕೇಳಿ. ಬರೆಯುವವರು ಯಾರು, ಬರೆಯದವರು ಯಾರು ಅಂತ ಮುಂದಿನ ಚುನಾವಣೆಯ ಹೊತ್ತಿಗೆ ನಿಮಗೆ ಗೊತ್ತಿರುತ್ತದೆ.