ಚಕ್ರವನ್ನು ತಿನ್ನುವ ಟ್ರ್ಯಾಕ್

ಐವತ್ತು ವರ್ಷ ಅಟ್ಟದ ಮೇಲಿದ್ದ, ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಯುದ್ಧಟ್ಯಾಂಕ್ ಕಿಟ್‌ನ ಪೆಟ್ಟಿಗೆ ತೆರೆದ ಕೂಡಲೇ ಮೊದಲು ಒಂದನ್ನು ನೋಡಿ: ಚಕ್ರಗಳನ್ನು ಸುತ್ತುವ ಕಪ್ಪು, ಮೆತ್ತನೆಯ ಟ್ರ್ಯಾಕ್ ಪಟ್ಟಿ ಯಾವುದಕ್ಕೆ ಒರಗಿಕೊಂಡಿದೆ? ಅದು ವಿನೈಲ್ ಪಟ್ಟಿಯಾಗಿದ್ದು ಚಕ್ರಗಳಿಗೆ ತಾಗಿಕೊಂಡಿದ್ದರೆ, ತಾಗಿದ ಕಡೆಯಲ್ಲೆಲ್ಲ ಚಕ್ರ ಮಳೆಗಾಲದ ಬೆಲ್ಲದಂತೆ ಅಂಟಂಟಾಗಿರುತ್ತದೆ. ಪಟ್ಟಿಯ ಹಲ್ಲುಗಳ ಅಚ್ಚು ಚಕ್ರದೊಳಗೆ ಇಳಿದಿರುತ್ತದೆ. ಬೆಂಕಿಯಿಲ್ಲ, ಬಿಸಿಲಿಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಪ್ಲಾಸ್ಟಿಕ್ ಇನ್ನೊಂದನ್ನು ತಿಂದಿದೆ.

ಪ್ಲಾಸ್ಟಿಕ್‌ಗೆ ಸಾವಿಲ್ಲ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಪ್ಲಾಸ್ಟಿಕ್ ವಸ್ತುವಿಗೂ ಮುಪ್ಪಿಲ್ಲ ಎಂದು ನಂಬಿಬಿಟ್ಟಿದ್ದೇವೆ. ಕಸವಾಗಿ ಅದು ಶತಮಾನಗಟ್ಟಲೆ ಉಳಿಯಬಹುದು. ಆದರೆ ಟ್ಯಾಂಕಾಗಿ, ಸೈನಿಕನಾಗಿ, ಟೈರಾಗಿ ಉಳಿಯಬೇಕಾದರೆ ಅದರ ಅಣುಗಳು ಇದ್ದಲ್ಲೇ ಇರಬೇಕು. ಅವು ಇರುವುದಿಲ್ಲ.

ಮೆತ್ತನೆಯ ಟ್ರ್ಯಾಕ್ ಬಹುಮಟ್ಟಿಗೆ ಪಿವಿಸಿ, ಅಂದರೆ ಅದೇ ವಿನೈಲ್. ಅಪ್ಪಟ ಪಿವಿಸಿ ನಲ್ಲಿಯ ಪೈಪಿನಷ್ಟು ಗಟ್ಟಿ. ಅದನ್ನು ಬಾಗುವಂತೆ ಮಾಡಲು ಥ್ಯಾಲೇಟ್ ಜಾತಿಯ ಎಣ್ಣೆಯಂಥ ದ್ರವವನ್ನು ಬೆರೆಸುತ್ತಾರೆ. ಕೆಲವೊಮ್ಮೆ ತೂಕದ ಮೂರನೇ ಒಂದು ಪಾಲು ಅದೇ ಇರುತ್ತದೆ. ಇದೇ ಪ್ಲಾಸ್ಟಿಸೈಜರ್. ಅದು ಪಿವಿಸಿಗೆ ರಾಸಾಯನಿಕವಾಗಿ ಕಟ್ಟಿಕೊಂಡಿಲ್ಲ. ಚಪಾತಿ ಹಿಟ್ಟಿನಲ್ಲಿ ನಾದಿದ ಎಣ್ಣೆಯಂತೆ ಸುಮ್ಮನೆ ನಡುವೆ ಕೂತಿದೆ. ಪಕ್ಕದಲ್ಲಿ ಪಾಲಿಸ್ಟೈರೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚಕ್ರ ಸಿಕ್ಕಿತೆಂದರೆ ಮೆಲ್ಲಗೆ ಅತ್ತ ಜರುಗುತ್ತದೆ. ಚಕ್ರ ಮೆತ್ತಗಾಗುತ್ತದೆ, ಎಣ್ಣೆ ಕಳೆದುಕೊಂಡ ಟ್ರ್ಯಾಕ್ ಬಿರುಸಾಗಿ ಮುರಿಯುತ್ತದೆ. ಎರಡೂ ಕೆಡುತ್ತವೆ.

ಕರಗಿದ ಚಕ್ರವನ್ನು ಒಣಗಲು ಬಿಟ್ಟರೆ ಸರಿಹೋದೀತೆಂದು ಕಾಯಬೇಡಿ. ಪ್ಲಾಸ್ಟಿಸೈಜರ್ ಆವಿಯಾಗುವ ಜಾತಿಯದಲ್ಲ. ಅಂಟುವ ಭಾಗವನ್ನೆಲ್ಲ ಚಾಕುವಿನಿಂದ ಕೆತ್ತಿ, ಗಟ್ಟಿ ಪ್ಲಾಸ್ಟಿಕ್ ಸಿಗುವವರೆಗೆ ಹೋಗಿ, ಆಮೇಲೆ ತುಂಬಬೇಕು. ಇನ್ನೂ ತಾಗದ ಕಿಟ್ ಆಗಿದ್ದರೆ ಟ್ರ್ಯಾಕನ್ನು ಬೇರೆ ಪಾಲಿಥೀನ್ ಚೀಲಕ್ಕೆ ಹಾಕಿಡಿ. ಜೋಡಿಸುವಾಗ ಚಕ್ರದ ಅಂಚಿಗೆ ಅಲ್ಯೂಮಿನಿಯಂ ಫಾಯಿಲ್‌ನ ತೆಳು ಪಟ್ಟಿ ಸುತ್ತಿದರೆ ತಡೆ ಸಿಗುತ್ತದೆ. ಬಣ್ಣದ ಪದರವೊಂದೇ ಸಾಲದು, ಆ ಎಣ್ಣೆ ಬಣ್ಣವನ್ನೂ ಮೆತ್ತಗೆ ಮಾಡುತ್ತದೆ.

ಹಾಗಾಗಿ ದುರಸ್ತಿಯ ಮೊದಲ ಕೆಲಸ ಯಾವ ತುಂಡು ಯಾವ ಪ್ಲಾಸ್ಟಿಕ್ ಎಂದು ತಿಳಿಯುವುದು. ಅದಕ್ಕೆ ಎರಡು ಲೋಟ ಸಾಕು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ 900 ಮಿಲಿಲೀಟರ್ ನೀರಿಗೆ 100 ಗ್ರಾಂ ಉಪ್ಪು. ನೀರಿನ ಸಾಂದ್ರತೆ 1 ಎಂದುಕೊಂಡರೆ ಪಾಲಿಥೀನಿನದು ಸುಮಾರು 0.92, ಬರೀ ನೀರಿನಲ್ಲೇ ತೇಲುತ್ತದೆ. ಪಾಲಿಸ್ಟೈರೀನ್ 1.05, ನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲುತ್ತದೆ. ಮೆತ್ತನೆಯ ಪಿವಿಸಿ ಎರಡರಲ್ಲೂ ಮುಳುಗುತ್ತದೆ. ತುಂಡಿಗೆ ಗಾಳಿಗುಳ್ಳೆ ಅಂಟಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ಬೆರಳಿನಿಂದ ಒರೆಸಿ ಮುಳುಗಿಸಿ.

ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಹಳೆಯ ಪೆಟ್ಟಿಗೆಗಳಲ್ಲಿ ಈ ಪರೀಕ್ಷೆ ತುಂಬ ಉಪಯೋಗಕ್ಕೆ ಬರುತ್ತದೆ. ಹಂಗೇರಿಯಿಂದ ಬಂದ ನಿಕೊಲಸ್ ಕೋವ್ 1939ರಲ್ಲಿ ಶುರುಮಾಡಿದ ಈ ಕಂಪನಿ 1959ರಲ್ಲಿ ಬೆರಳುದ್ದವೂ ಇಲ್ಲದ ಸೈನಿಕರನ್ನು, 1961ರಲ್ಲಿ ಅದೇ ಅಳತೆಗೆ ಹೊಂದುವ ಪ್ಯಾಂಥರ್, ಷರ್ಮನ್ ಟ್ಯಾಂಕುಗಳನ್ನು ಮಾರುಕಟ್ಟೆಗೆ ತಂದಿತು. ಟ್ಯಾಂಕಿನ ಮೈ ಪಾಲಿಸ್ಟೈರೀನ್, ಸೈನಿಕರು ಪಾಲಿಥೀನ್. ಒಂದೇ ಮೇಜಿನ ಮೇಲೆ ಒಟ್ಟಿಗೆ ಯುದ್ಧ ಮಾಡುವ ಈ ಇಬ್ಬರಿಗೆ ರಸಾಯನಶಾಸ್ತ್ರದಲ್ಲಿ ಮಾತುಕತೆಯೇ ಇಲ್ಲ. ಒಬ್ಬರಿಗೆ ಹಿಡಿಯುವ ಅಂಟು ಇನ್ನೊಬ್ಬರಿಗೆ ಹಿಡಿಯದು.

ಅಂಟು ಎಂದೆ, ಆದರೆ ಪಾಲಿಸ್ಟೈರೀನ್ ಕಿಟ್‌ಗೆ ಹಚ್ಚುವ, ಸಿಮೆಂಟು ಎಂದು ಕರೆಯುವ ದ್ರವ ಅಂಟೇ ಅಲ್ಲ. ಈ ವಿಷಯದಲ್ಲಿ ಇಷ್ಟೊಂದು ಗೊಂದಲ ಯಾಕೆ ಉಳಿದಿದೆಯೋ! ಫೆವಿಕಾಲ್ ಒಣಗಿದ ಮೇಲೆ ಮರದ ಎರಡು ಹಲಗೆಗಳ ನಡುವೆ ಮೂರನೆಯ ಪದಾರ್ಥವೊಂದು ಉಳಿಯುತ್ತದೆ. ಕಿಟ್‌ನ ಸಿಮೆಂಟು ಕೆಲಸ ಮುಗಿಸಿ ಹೊರಟೇಹೋಗುತ್ತದೆ. ಅದು ಬೆಸುಗೆ.

ಪಾಲಿಸ್ಟೈರೀನ್ ಎಂದರೆ ಸಾವಿರಗಟ್ಟಲೆ ಕೊಂಡಿಗಳ ಉದ್ದುದ್ದ ಸರಪಳಿಗಳ ಗೋಜಲು. ಒತ್ತು ಶಾವಿಗೆಯ ಎರಡು ಉಂಡೆಗಳನ್ನು ಕಲ್ಪಿಸಿಕೊಳ್ಳಿ. ಒಣಗಿದ ಮೇಲೆ ಎರಡನ್ನೂ ಒತ್ತಿ ಹಿಡಿದರೂ ಅವು ಎರಡೇ. ಬಿಸಿ ಹಬೆ ತಾಗಿಸಿ ಒತ್ತಿದರೆ ಒಂದರ ಎಳೆಗಳು ಇನ್ನೊಂದರೊಳಗೆ ಜಾರುತ್ತವೆ. ಆರಿದ ಮೇಲೆ ಯಾವ ಎಳೆ ಯಾವ ಉಂಡೆಯದೆಂದು ಯಾರೂ ಹೇಳಲಾರರು. ದ್ರಾವಕ ಇಲ್ಲಿ ಹಬೆಯ ಕೆಲಸ ಮಾಡುತ್ತದೆ, ಸರಪಳಿಗಳ ನಡುವೆ ನುಗ್ಗಿ ಅವುಗಳನ್ನು ಸಡಿಲಿಸುತ್ತದೆ. ಅಂಚುಗಳನ್ನು ಒತ್ತಿದಾಗ ಎರಡೂ ಕಡೆಯ ಸರಪಳಿಗಳು ಒಂದರೊಳಗೊಂದು ಹೊಸೆದುಕೊಳ್ಳುತ್ತವೆ. ದ್ರಾವಕ ಹಾರಿಹೋದ ಮೇಲೆ ಗಂಟು ಬಿಗಿಯುತ್ತದೆ. ನೆನೆದ ತೆಂಗಿನ ನಾರನ್ನು ಹೊಸೆದು ಹುರಿ ಮಾಡುವಾಗಲೂ ಹೀಗೆಯೇ: ನಾರಿಗೆ ನಾರನ್ನು ಯಾರೂ ಅಂಟಿಸುವುದಿಲ್ಲ, ಹುರಿ ಮಾತ್ರ ಬಾವಿಯಿಂದ ಕೊಡ ಎತ್ತುತ್ತದೆ.

ಈಗ ಕರಗಿದ ಚಕ್ರಕ್ಕೆ ಮರಳಿ ನೋಡಿ. ಪ್ಲಾಸ್ಟಿಸೈಜರ್ ಮಾಡಿದ್ದೂ ಇದನ್ನೇ, ಸರಪಳಿಗಳ ನಡುವೆ ನುಗ್ಗಿ ಸಡಿಲಿಸಿದ್ದು. ಒಂದು ಊಟ ಮುಗಿಸಿ ಹೊರಡುವ ನೆಂಟ, ಇನ್ನೊಂದು ಗಂಟುಮೂಟೆ ಇಳಿಸಿ ಝಾಂಡಾ ಊರಿದ ನೆಂಟ. ಕಿಟ್ ಕಟ್ಟುವ ವಿದ್ಯೆಯೂ ಕಿಟ್ ಕೆಡುವ ಕಾಯಿಲೆಯೂ ಒಂದೇ ಭೌತಿಕ ಕ್ರಿಯೆ ಎಂಬುದು ಎಂಥ ಸೊಗಸಾದ ಸಂಗತಿ!

ಸರಪಳಿಯ ಈ ಕಲ್ಪನೆಗೂ ಸುಲಭದ ಹಾದಿ ಇರಲಿಲ್ಲ. 1839ರಲ್ಲಿ ಬರ್ಲಿನ್ನಿನ ಔಷಧ ವ್ಯಾಪಾರಿ ಎಡ್ವರ್ಡ್ ಸೈಮನ್ ಸ್ಟೋರಾಕ್ಸ್ ಎಂಬ ಮರದ ರಾಳದಿಂದ ಇಳಿಸಿದ ಎಣ್ಣೆ ತಾನಾಗಿಯೇ ಗಟ್ಟಿಯಾದದ್ದನ್ನು ಕಂಡು, ಅದು ಆಮ್ಲಜನಕ ಹೀರಿಕೊಂಡಿದೆ ಎಂದುಕೊಂಡ. ಸಣ್ಣ ಅಣುಗಳು ಕೈಕೈ ಹಿಡಿದು ದೈತ್ಯ ಸರಪಳಿಯಾಗುತ್ತವೆ ಎಂದು 1920ರಲ್ಲಿ ಹೇಳಿದ ಹರ್ಮನ್ ಸ್ಟೌಡಿಂಗರ್ ಅವರನ್ನು ಸಮಕಾಲೀನರಲ್ಲಿ ಅನೇಕರು ಒಪ್ಪಲಿಲ್ಲ. ಅವರಿಗೆ ನೊಬೆಲ್ ಸಿಕ್ಕಿದ್ದು 1953ರಲ್ಲಿ.

ದ್ರಾವಕದ ಈ ಕೆಲಸವನ್ನು ಕಣ್ಣಾರೆ ಕಾಣಬೇಕೆಂದರೆ ಕಿತ್ತಳೆ ಸಿಪ್ಪೆಯನ್ನು ಥರ್ಮಾಕೋಲ್ ಮೇಲೆ ಹಿಂಡಿ. ಥರ್ಮಾಕೋಲ್ ಕೂಡ ಪಾಲಿಸ್ಟೈರೀನೇ, ಗಾಳಿ ತುಂಬಿ ಉಬ್ಬಿಸಿದ್ದು. ಸಿಪ್ಪೆಯ ಲಿಮೋನೀನ್ ಎಣ್ಣೆ ಬಿದ್ದಲ್ಲೆಲ್ಲ ಗುಳಿ ಬೀಳುತ್ತದೆ. ವಾಸನೆ ಕಡಿಮೆಯ ಕಿಟ್ ಸಿಮೆಂಟುಗಳಲ್ಲಿ ಇರುವುದು ಇದೇ ಲಿಮೋನೀನ್. ತೆಳು ಸಿಮೆಂಟಿನಲ್ಲಿ ಸಾಮಾನ್ಯವಾಗಿ ಅಸಿಟೋನ್ ಮತ್ತು ಬ್ಯೂಟೈಲ್ ಅಸಿಟೇಟ್ ಇರುತ್ತವೆ. ಅಸಿಟೋನ್ 56 ಡಿಗ್ರಿಯಲ್ಲಿ ಕುದಿಯುವುದರಿಂದ ಬೇಗ ಹಾರುತ್ತದೆ. 126 ಡಿಗ್ರಿಯ ಬ್ಯೂಟೈಲ್ ಅಸಿಟೇಟ್ ನಿಂತು ಕೆಲಸ ಮುಗಿಸುತ್ತದೆ. ತುಂಡುಗಳನ್ನು ಮೊದಲು ಜೋಡಿಸಿ ಹಿಡಿದು, ನಡುವಿನ ಬಿರುಕಿಗೆ ಸಿಮೆಂಟಿನ ಕುಂಚದ ತುದಿ ತಾಗಿಸಿ. ದೀಪದ ಬತ್ತಿ ಎಣ್ಣೆ ಎಳೆದಂತೆ ಬಿರುಕೇ ಅದನ್ನು ಎಳೆದುಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ಹಿಡಿತ ಬಂದರೂ ಉಜ್ಜುವ ಕೆಲಸಕ್ಕೆ 24 ಗಂಟೆ ಬಿಡಿ; ಮೆತ್ತಗಿರುವಾಗಲೇ ಮರಳುಕಾಗದ ಹಾಕಿದರೆ ತುಂಡುಗಳು ಕೂಡಿದ ಸೀಳು ಆಮೇಲೆ ಕುಗ್ಗಿ ಗೆರೆಯಾಗಿ ಏಳುತ್ತದೆ. ಬಣ್ಣದ ಮೇಲೆ ಬೆಸುಗೆ ಆಗದು, ಅಂಚನ್ನು ಬರಿ ಪ್ಲಾಸ್ಟಿಕ್ ಕಾಣುವವರೆಗೆ ಕೆರೆಯಲೇಬೇಕು. ಎಲ್ಲದಕ್ಕೂ ಸೂಪರ್‌ಗ್ಲೂ ಎನ್ನುವವರ ಮಾತು ಕೇಳಬೇಡಿ: ಅದು ಮೇಲ್ಮೈಯಲ್ಲಷ್ಟೇ ಹಿಡಿಯುತ್ತದೆ, ಮಾದರಿ ಕೆಳಗೆ ಬಿದ್ದರೆ ಬಿಡುತ್ತದೆ, ಪಾರದರ್ಶಕ ತುಂಡಿಗೆ ಬಿಳಿ ಮಸುಕು ಬಳಿಯುತ್ತದೆ.

ಹಳೆಯ ಜೋಡಣೆಯನ್ನು ಬಿಚ್ಚುವುದು ಇದರ ತಿರುಗುಮುರುಗು. ಆಗಿನ ಟ್ಯೂಬ್ ಸಿಮೆಂಟನ್ನು ಮುದ್ದೆಮುದ್ದೆಯಾಗಿ ಹಚ್ಚಿರುತ್ತಾರೆ, ಬೆಸುಗೆ ಅಲ್ಲಲ್ಲಿ ಮಾತ್ರ ಆಗಿರುತ್ತದೆ. ಮಾದರಿಯನ್ನು ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಹೊರತೆಗೆದ ತಕ್ಷಣ ಸೀಳಿಗೆ ತೆಳು ಬ್ಲೇಡು ತೂರಿಸಿ ಮೆಲ್ಲಗೆ ತಿರುವಿ. ಸೂಪರ್‌ಗ್ಲೂ ಜೋಡಣೆಗಳು ಹೀಗೆ ಟಕ್ಕೆಂದು ಬಿಡುತ್ತವೆ. ನಿಜವಾಗಿ ಬೆಸೆದದ್ದು ಬಿಡುವುದಿಲ್ಲ, ಅಲ್ಲಿ ಗರಗಸವೇ ಗತಿ. ಬಲ ಹಾಕಿದರೆ ಒಡೆಯುವುದು ಸೀಳಲ್ಲ, ಪಕ್ಕದ ತೆಳು ಗೋಡೆ.

ಬಣ್ಣ ತೆಗೆಯಲು ಹಾರ್ಡ್‌ವೇರ್ ಅಂಗಡಿಯ ಥಿನ್ನರ್, ಪೆಟ್ರೋಲ್, ಉಗುರುಬಣ್ಣದ ರಿಮೂವರ್ ಮುಟ್ಟಬೇಡಿ. ಬಣ್ಣದ ಜೊತೆ ಟ್ಯಾಂಕೂ ಹೋಗುತ್ತದೆ. ಇಂಥ ಮಾದರಿಗಳನ್ನು ಮೇಜಿನ ಮೇಲಿಟ್ಟು ಯುದ್ಧದಾಟ ಆಡುವ ಬ್ರಿಟಿಷರು ಬಹುಕಾಲದಿಂದ ನೆಚ್ಚಿಕೊಂಡ ದ್ರಾವಣ ನಮ್ಮ ಮನೆಗಳಲ್ಲೂ ಇದೆ: ಗಾಯಕ್ಕೆ ಹಚ್ಚುವ ಕಂದು ಡೆಟಾಲ್. ಅದರಲ್ಲಿನ ಪೈನ್ ಎಣ್ಣೆಯ ಅಂಶ ಮತ್ತು ಆಲ್ಕೋಹಾಲ್ ಹಳೆಯ ಬಣ್ಣವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತವೆ. ಮೊದಲು ಸ್ಪ್ರೂ, ಅಂದರೆ ಕಿಟ್ಟಿನ ತುಂಡುಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿನ, ಚೂರೊಂದನ್ನು ಅದ್ದಿ ಪರೀಕ್ಷಿಸಿ. ನೀರು ಬೆರೆಸದ ಡೆಟಾಲ್‌ನಲ್ಲಿ ನಾಲ್ಕರಿಂದ ಹನ್ನೆರಡು ಗಂಟೆ ನೆನೆಸಿ, ಕೈಗವಸು ತೊಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಎಲ್ಲರೂ ಎಡವುವುದು ಇಲ್ಲಿ: ಉಜ್ಜುತ್ತಿರುವಾಗ ನೀರು ತಾಗಿದರೆ ಡೆಟಾಲ್ ಹಾಲಿನಂತೆ ಒಡೆದು, ಎದ್ದ ಬಣ್ಣ ಡಾಂಬರಿನಂಥ ಜಿಗುಟಾಗಿ ಮತ್ತೆ ಮೆತ್ತಿಕೊಳ್ಳುತ್ತದೆ. ಹೊಸ ಡೆಟಾಲ್‌ನಲ್ಲೇ ಜಾಲಿಸಿ, ಬಟ್ಟೆಯಲ್ಲಿ ಒರೆಸಿ, ಬಣ್ಣವೆಲ್ಲ ಹೋದ ಮೇಲಷ್ಟೇ ಸೋಪುನೀರು. ಅಕ್ರಿಲಿಕ್ ಬಣ್ಣವಾದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಆದರೆ ಬಿಗಿಯಾಗಿ ಬಾಗಿಸಿ ಅಂಟಿಸಿದ ಭಾಗವಿದ್ದರೆ ಅದು ಕೂದಲೆಳೆಯ ಬಿರುಕು ಎಬ್ಬಿಸಬಹುದು, ಆಗಾಗ ತೆಗೆದು ನೋಡುತ್ತಿರಿ.

ಸೊಟ್ಟಗಾದ ತಳವನ್ನು 75–80 ಡಿಗ್ರಿ ನೀರಿನಲ್ಲಿ ಹದಿನೈದು ಸೆಕೆಂಡು ಅದ್ದಿ, ಸಮ ಮಾಡಿ, ತಣ್ಣೀರಿನಡಿ ಹಿಡಿದರೆ ಸರಿಹೋಗುತ್ತದೆ. ಕುದಿಯುವ ನೀರು ಬೇಡ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಯಲ್ಲಿ ಸಂಪೂರ್ಣ ಸಡಿಲಾಗುತ್ತದೆ.

ಬಿರುಕು ತುಂಬಲು ಅದೇ ಕಿಟ್‌ನ ಸ್ಪ್ರೂವೇ ಉತ್ತಮ. ಅಕ್ಕಿಕಾಳಿನಷ್ಟು ಚೂರುಗಳನ್ನಾಗಿ ಕತ್ತರಿಸಿ, ಸಿಮೆಂಟಿರುವ ಗಾಜಿನ ಬಾಟಲಿಗೆ ಅದರ ಮೂರನೇ ಒಂದರಷ್ಟು ತುಂಬಿ ಒಂದು ರಾತ್ರಿ ಬಿಟ್ಟರೆ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಒಣಗಿದಾಗ ಕುಗ್ಗುವುದರಿಂದ ಸ್ವಲ್ಪ ಉಬ್ಬಾಗಿಯೇ ಹಚ್ಚಿ ಎರಡು ದಿನ ಬಿಡಿ. ಆಳದ ಗುಂಡಿಯನ್ನು ಒಂದೇ ಸಲ ತುಂಬಿದರೆ ಒಳಗೆ ಸಿಕ್ಕಿಬಿದ್ದ ದ್ರಾವಕ ಸುತ್ತಲಿನ ಗೋಡೆಯನ್ನೇ ಕುಸಿಸುತ್ತದೆ. ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ, ಹಳದಿಯಾಗಿದ್ದರೆ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ ಒಂದೆರಡು ವಾರ ಅಂಟಿಸಿ, ಹಳದಿ ಬಹುಪಾಲು ಇಳಿಯುತ್ತದೆ. ನೀರಿಗೆ ಹಾಕಿದ ಕೂಡಲೇ ಚೂರಾಗದಂತೆ ಮೊದಲು ಎರಡು ತೆಳು ಕೋಟು ಹೊಳಪು ವಾರ್ನಿಷ್ ಕೊಡಿ. ಆಮೇಲೆ ಇಡೀ ಹಾಳೆ ಒಂದೇ ಪೊರೆಯಾಗುವುದರಿಂದ ಪ್ರತಿಯೊಂದನ್ನೂ ಅಂಚಿಗೆ ಸರಿಯಾಗಿ ಕತ್ತರಿಸಬೇಕು.

ಇನ್ನು ಪಾಲಿಥೀನ್ ಸೈನಿಕರು. ಕೆಸುವಿನೆಲೆಯ ಮೇಲಿನ ನೀರಿನಂತೆ ಬಣ್ಣವೂ ಅಂಟೂ ಅವರ ಮೇಲೆ ನಿಲ್ಲವು. ಸೋಪಿನಲ್ಲಿ ತೊಳೆದು, ಕಾರಿನ ಬಂಪರಿಗೆ ಹೊಡೆಯುವ ಪ್ಲಾಸ್ಟಿಕ್ ಪ್ರೈಮರ್ ತೆಳುವಾಗಿ ಕೊಟ್ಟು, ಅಕ್ರಿಲಿಕ್ ಬಣ್ಣ ಹಚ್ಚಿ, ಕೊನೆಗೆ ನೀರು ಬೆರೆಸಿದ ಪಿವಿಎ (ಫೆವಿಕಾಲಿನಂಥ ಬಿಳಿ) ಅಂಟಿನ ಹೊದಿಕೆ ಹಾಕಿದರೆ ಇಡೀ ಮೈಗೆ ಚೀಲ ತೊಡಿಸಿದಂತಾಗಿ ಬಣ್ಣ ಉಳಿಯುತ್ತದೆ. ಮುರಿದ ತೋಳಿಗೆ ಅರ್ಧ ಮಿಲಿಮೀಟರಿನ ಹಿತ್ತಾಳೆ ತಂತಿಯ ಮೊಳೆ. ಆದರೆ ಬಂದೂಕು ಮುಟ್ಟಿದೊಡನೆ ಹಪ್ಪಳದಂತೆ ಮುರಿದರೆ ಆ ಸೈನಿಕನ ಸರಪಳಿಗಳು ಗಾಳಿ ಬೆಳಕಿಗೆ ತುಂಡಾಗಿವೆ, ಅವನ್ನು ಮರಳಿ ಜೋಡಿಸುವ ಯಾವ ಔಷಧವೂ ಇಲ್ಲ. ಮಾರುವವರು ಹೇಳುವ ಎಣ್ಣೆ ಲೇಪಗಳನ್ನು ನಂಬಬೇಡಿ.

ಶೋಕೇಸಿನ ಮಾದರಿಗೆ ಇಲ್ಲದ ಕಷ್ಟ ಆಟದ ಮಾದರಿಗಿದೆ: ಅದನ್ನು ಕೈಗಳು ಎತ್ತಿ ಇಡುತ್ತವೆ. ಚದುರಂಗದ ಕಾಯಿಯಂತೆ ಎಂದರೆ ಅದು ಬರೀ ಹೋಲಿಕೆಯಲ್ಲ, ವಂಶಾವಳಿ. ಆನೆ, ಕುದುರೆ, ರಥ, ಕಾಲಾಳುಗಳ ನಮ್ಮ ಚತುರಂಗ ಯುರೋಪಿಗೆ ಹೋಗಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನ ಶಿಕ್ಷಕ ಹೆಲ್ವಿಗ್ ಆ ಮಣೆಯನ್ನೇ ಹಿಗ್ಗಿಸಿ, ಚೌಕಗಳಿಗೆ ಬೆಟ್ಟ ನದಿಗಳ ಬಣ್ಣ ಕೊಟ್ಟು ಯುದ್ಧದಾಟ ಮಾಡಿದ. ಪ್ರಷ್ಯಾದಲ್ಲಿ ರೈಸ್‌ವಿಟ್ಸ್ ತಂದೆ 1812ರಲ್ಲಿ ಚೌಕಗಳನ್ನೇ ಬಿಟ್ಟ, ಮಗ 1824ರಲ್ಲಿ ನಕ್ಷೆಯ ಮೇಲೆ ದಾಳ ಹಾಕಿ ಆಡಿಸಿದ. ಸೇನಾಧಿಕಾರಿಗಳು ಅದರಲ್ಲೇ ತರಬೇತಿ ಪಡೆದರು.

ಹಾಗಾಗಿ ಎತ್ತುವ ಕೈಗೆ ತಕ್ಕ ಬಲ ಕೊಡಿ. ತೆಳು ಫಿರಂಗಿ ನಳಿಗೆಯ ಬದಲು ಹಿತ್ತಾಳೆ ಕಡ್ಡಿ, ಗೋಪುರದ ಕೆಳಗೆ 3 ಮಿಲಿಮೀಟರಿನ ಅಯಸ್ಕಾಂತದ ಜೋಡಿ, ತಳಕ್ಕೆ 2 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ, ಮೇಲೆ ಹೊಳಪು ವಾರ್ನಿಷ್ ಎರಡು ಕೋಟು, ಅದರ ಮೇಲೆ ಮ್ಯಾಟ್ ಒಂದು. ತೂಕಕ್ಕೆ ಟ್ಯಾಂಕಿನ ಹೊಟ್ಟೆಯಲ್ಲಿ ಉಕ್ಕಿನ ವಾಷರ್ ಇಡಿ. ಸೀಸದ ಗುಂಡುಗಳನ್ನು ಪಿವಿಎ ಅಂಟಿನಲ್ಲಿ ಕೂರಿಸುವ ಹಳೆಯ ಅಭ್ಯಾಸ ಬೇಡವೇ ಬೇಡ. ಆ ಅಂಟಿನಿಂದ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ, ಸಣ್ಣಗೆ ಹೊರಬರುತ್ತಿರುತ್ತದೆ. ಹಿಂದೆ ಹಾಲೆಂಡಿನಲ್ಲಿ ಚಿತ್ರಕಾರರ ಬಿಳಿ ಬಣ್ಣ ತಯಾರಿಸಲು ಸೀಸದ ತಗಡನ್ನು ವಿನೆಗರಿನ ಮಡಕೆಯಲ್ಲಿಟ್ಟು ಕುದುರೆ ಲದ್ದಿಯಲ್ಲಿ ಹೂಳುತ್ತಿದ್ದರು. ವಿನೆಗರಿನ ಆವಿ, ಲದ್ದಿಯ ಕಾವು ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಲೋಹ ಬಿಳಿ ಪುಡಿಯಾಗುತ್ತಿತ್ತು. ಟ್ಯಾಂಕಿನ ಹೊಟ್ಟೆಯೊಳಗೂ ಅದೇ ಪುಡಿ ಹುಟ್ಟುತ್ತದೆ. ಅದಕ್ಕೆ ಮೂಲ ಸೀಸಕ್ಕಿಂತ ಹೆಚ್ಚು ಜಾಗ ಬೇಕು. ಕೆಲವು ವರ್ಷಗಳಲ್ಲಿ ಅದು ಒಳಗಿನಿಂದ ಒತ್ತಿ ಒತ್ತಿ, ನೀವು ಅಷ್ಟು ಜತನದಿಂದ ಬೆಸೆದ ಸೀಳನ್ನೇ ಬಿರಿಯುತ್ತದೆ.