ಮೂರನೇ ವರ್ಷದ ಸಂಬಳ ಯಾರು ಕೊಡ್ತಾರೆ?

ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ವೋಟಿನ ಲಕೋಟೆ ಮನೆಗೆ ಬಂದು ಬೀಳುತ್ತದೆ. ಅವತ್ತಿನಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಅಧ್ಯಕ್ಷರ ಚುನಾವಣೆ ಬಗ್ಗೆ ನನ್ನನ್ನು ಯಾರೂ ಕೇಳುವುದಿಲ್ಲ, ಅದರಲ್ಲಿ ಎಲ್ಲರೂ ಪಂಡಿತರೇ. ಕೇಳುವುದು ಬ್ಯಾಲೆಟ್ಟಿನ ಬುಡದಲ್ಲಿರುವ ಸ್ಕೂಲ್ ಬೋರ್ಡಿನ ಬಗ್ಗೆ, ಅಂದರೆ ಊರಿನ ಸರ್ಕಾರಿ ಶಾಲೆಗಳೆಲ್ಲ ಸೇರಿದ ಸ್ಕೂಲ್ ಡಿಸ್ಟ್ರಿಕ್ಟನ್ನು ನಡೆಸಲು ಜನ ಆರಿಸುವ ಮಂಡಳಿಯ ಬಗ್ಗೆ. "ಸಾರ್, ನೀವು ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಆಡಿಟ್ ಮಾಡ್ತೀರಲ್ಲ, ಈ ಐದು ಜನರಲ್ಲಿ ಯಾರಿಗೆ ಹಾಕೋಣ?"

ನಾನು ಹೇಳುವುದಿಲ್ಲ, ಹೇಳಲೂಬಾರದು. ಲೆಕ್ಕ ನೋಡುವವನು ಚುನಾವಣೆಯಲ್ಲಿ ಯಾರದೋ ಪರ ನಿಂತರೆ ಆಡಿಟ್ ವರದಿಯ ಮೇಲಿನ ಅವನ ಸಹಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ನಾನು ಸುಮ್ಮನಿದ್ದರೂ ಆ ಕಡೆಯವರು ಸುಮ್ಮನಿರುವುದಿಲ್ಲ. "ಒಬ್ಬರು ಪಿಎಚ್‌ಡಿ ಅಂತೆ. ಇನ್ನೊಬ್ಬರ ಹೆಸರು ನೋಡಿದ್ರೆ ನಮ್ಮ ಕಡೆಯವರ ಥರ ಇದೆ. ಇಬ್ಬರಿಗೂ ಹಾಕಿಬಿಡ್ತೀನಿ ಬಿಡಿ" ಅಂತ ಅವರೇ ತೀರ್ಪು ಕೊಟ್ಟು ಫೋನಿಡುತ್ತಾರೆ.

ನಮ್ಮ ಜನ ಮಕ್ಕಳ ಓದಿಗೋಸ್ಕರ ಮನೆ ಬದಲಿಸುತ್ತಾರೆ, ಒಳ್ಳೆಯ ಶಾಲೆಯ ಗಡಿಯೊಳಗೆ ಸೇರಿಕೊಳ್ಳಲು ಲಕ್ಷಾಂತರ ಡಾಲರ್ ಹೆಚ್ಚಿಗೆ ಸುರಿಯುತ್ತಾರೆ. ಆ ಶಾಲೆ ನಡೆಸುವವರನ್ನು ಆರಿಸುವಾಗ ಮಾತ್ರ ಸಂಬಂಧ ನೋಡುವವರ ಹಾಗೆ ಡಿಗ್ರಿ, ಊರು, ಹೆಸರು ವಿಚಾರಿಸಿ ಮುಗಿಸುತ್ತಾರೆ. ಸಿಟ್ಟು ಬರುತ್ತದೆ. ಆದರೂ ಕೇಳಲಿಕ್ಕಾದರೂ ಫೋನ್ ಮಾಡಿದರಲ್ಲ ಅಂತ ಸಮಾಧಾನ. ಎಷ್ಟೋ ಜನ ಆ ಜಾಗವನ್ನೇ ಖಾಲಿ ಬಿಟ್ಟು ಲಕೋಟೆ ಅಂಟಿಸುತ್ತಾರೆ.

ಬ್ಯಾಲೆಟ್ಟಿನಲ್ಲಿ ಹೆಸರಿನ ಕೆಳಗೆ ಕಾಣುವ ಉದ್ಯೋಗದ ವಿವರಕ್ಕೆ ಕಾನೂನಿನಲ್ಲಿ ಇರುವ ಜಾಗ ಮೂರು ಪದ. ಈಗ ಮಾಡುತ್ತಿರುವ ಅಥವಾ ಹಿಂದಿನ ವರ್ಷ ಮಾಡಿದ ಮುಖ್ಯ ಕಸುಬು ಅಷ್ಟೇ ಬರೆಯಬೇಕು, 'ಶ್ರೇಷ್ಠ', 'ಪರಿಣತ' ಎಂದೆಲ್ಲ ಹೊಗಳಿಕೊಳ್ಳುವಂತಿಲ್ಲ. ಅದೇ ಮೂರು ಪದಕ್ಕೆ ಅಭ್ಯರ್ಥಿಗಳು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಸಂಜೆ ಹೊತ್ತು ನಾಲ್ಕು ಹುಡುಗರಿಗೆ ಟ್ಯೂಷನ್ ಹೇಳುವವರು ಶಿಕ್ಷಣದ ಹೆಸರು ಬರುವ ಪದಕ್ಕಾಗಿ ಪರದಾಡುವುದನ್ನು ಕಂಡಿದ್ದೇನೆ. ವೋಟರ್ ಗೈಡಿನಲ್ಲಿ ಬರುವ ಹೇಳಿಕೆ ಸಾಮಾನ್ಯವಾಗಿ 200 ಪದ. ಅದರಲ್ಲಿ ಪಕ್ಷದ ಹೆಸರು ಹೇಳುವಂತಿಲ್ಲ. ಅಚ್ಚು ಹಾಕಿಸುವ ಖರ್ಚು ಬಹಳ ಕಡೆ ಅಭ್ಯರ್ಥಿಯದೇ, ದೊಡ್ಡ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಥರ) ಸಾವಿರಾರು ಡಾಲರ್ ಆಗುತ್ತದೆ. ಆದ್ದರಿಂದ ಗೈಡಿನಲ್ಲಿ ಹೇಳಿಕೆಯೇ ಇಲ್ಲದ ಅಭ್ಯರ್ಥಿಯನ್ನು "ಸೀರಿಯಸ್ ಅಲ್ಲ" ಎಂದು ತಳ್ಳಿಹಾಕಬೇಡಿ. ಅವರ ಹತ್ತಿರ ದುಡ್ಡಿಲ್ಲ ಎಂಬುದಷ್ಟೇ ಕಾರಣವಿರಬಹುದು.

ಹಿನ್ನೆಲೆಯ ಕಥೆ ಇದಾದರೆ, ಅಭಿಪ್ರಾಯ ಕೇಳುವ ರೀತಿ ಇನ್ನೊಂದು. ಒಂದು ಲೈಬ್ರರಿ ಹಾಲಿನಲ್ಲಿ ಅಭ್ಯರ್ಥಿಗಳ ಸಭೆಗೆ ಹೋಗಿದ್ದೆ, ನಾನು ಆಡಿಟ್ ಮಾಡದ ಡಿಸ್ಟ್ರಿಕ್ಟ್ ಅದು. ನಮ್ಮವರೊಬ್ಬರು ಎದ್ದು, "ಸಿಂಗಪುರದ ಗಣಿತ ತರ್ತೀರಾ?" ಅಂದರು. ವೇದಿಕೆ ಮೇಲಿದ್ದ ಅಷ್ಟೂ ಜನ ತಲೆ ಆಡಿಸಿದರು. ಹಾಲಿನಲ್ಲಿ ಚಪ್ಪಾಳೆ. ಯಾಕೆ ಆಡಿಸಬಾರದು? ಹೂಂ ಅನ್ನುವುದಕ್ಕೆ ಒಂದು ಡಾಲರೂ ಖರ್ಚಿಲ್ಲ, ಹೂಂ ಅಂದಿದ್ದನ್ನು ಮಾಡುವ ಹೊಣೆಯೂ ಇಲ್ಲ. ಮಕ್ಕಳು ಯಾವ ತರಗತಿಯಲ್ಲಿ ಏನು ಕಲಿಯಬೇಕೆಂಬ ಚೌಕಟ್ಟು ತಯಾರಾಗುವುದು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋದಲ್ಲಿ, ಗವರ್ನರ್ ನೇಮಿಸುವ ರಾಜ್ಯ ಶಿಕ್ಷಣ ಮಂಡಳಿಯ ಕೈಯಲ್ಲಿ. ಈಗಿನ ಗಣಿತದ ಚೌಕಟ್ಟಿಗೆ 2023ರ ಜುಲೈಯಲ್ಲಿ ಒಪ್ಪಿಗೆ ಸಿಕ್ಕಿದ್ದು ಅಲ್ಲೇ. 2016ರಲ್ಲಿ ಇತಿಹಾಸದ ಚೌಕಟ್ಟಿನಲ್ಲಿ 'ಭಾರತ' ಇರಬೇಕೋ 'ದಕ್ಷಿಣ ಏಷ್ಯಾ' ಇರಬೇಕೋ ಎಂದು ನಮ್ಮವರು ಬಡಿದಾಡಿದ್ದೂ ಅಲ್ಲೇ. ಆ ಜಗಳಕ್ಕೂ ನಿಮ್ಮೂರಿನ ಬೋರ್ಡಿಗೂ ಸಂಬಂಧವಿರಲಿಲ್ಲ.

ಪೂರ್ತಿ ಕೈಯಿಲ್ಲ ಎಂದೂ ಅಲ್ಲ. ಯಾವ ತರಗತಿಯಲ್ಲಿ ಬೀಜಗಣಿತ ಶುರುವಾಗಬೇಕು ಎಂಬುದನ್ನು ಸ್ಥಳೀಯ ಡಿಸ್ಟ್ರಿಕ್ಟ್ ತೀರ್ಮಾನಿಸಬಹುದು. ಸ್ಯಾನ್‌ಫ್ರಾನ್ಸಿಸ್ಕೋ 2014ರಲ್ಲಿ ಎಂಟನೇ ತರಗತಿಯಿಂದ ಬೀಜಗಣಿತವನ್ನು ತೆಗೆದು ಒಂಬತ್ತಕ್ಕೆ ಹಾಕಿತು. 2024ರ ಮಾರ್ಚಿನಲ್ಲಿ ಮತದಾರರು ಅದನ್ನು ವಾಪಸ್ ತನ್ನಿ ಎಂದು ವೋಟು ಹಾಕಿ ಹೇಳಿದರು. ಹೊರಗೆ ಕಲಿತ ಕನ್ನಡಕ್ಕೆ ಹೈಸ್ಕೂಲಿನಲ್ಲಿ ಕ್ರೆಡಿಟ್ ಕೊಡಬೇಕೋ ಬೇಡವೋ ಎಂಬುದೂ ಡಿಸ್ಟ್ರಿಕ್ಟಿನ ಮಟ್ಟದ ಪ್ರಶ್ನೆಯೇ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಕನ್ನಡ ಕಲಿ ತರಗತಿಗೆ ಎಳೆದುಕೊಂಡು ಹೋಗುವ ಅಪ್ಪ ಅಮ್ಮಂದಿರು ಇದನ್ನು ಧಾರಾಳವಾಗಿ ಕೇಳಲಿ. ಸಿಂಗಪುರವನ್ನು ಬಿಡಲಿ.

ಈಗ ನಾನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗದ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ನಿಧಾನವಾಗಿ ಓದಿ.

ಡಿಸ್ಟ್ರಿಕ್ಟಿಗೆ ಬರುವ ದುಡ್ಡಿನಲ್ಲಿ ಎರಡು ಜಾತಿ. ಒಂದು ಪ್ರತಿವರ್ಷ ಬರುವಂಥದ್ದು. ಇನ್ನೊಂದು ಒಂದೇ ಸಲ ಬಂದು ಹೋಗುವಂಥದ್ದು. ಖರ್ಚಿನಲ್ಲೂ ಹಾಗೇ ಎರಡು ಜಾತಿ. ಛಾವಣಿ ರಿಪೇರಿ ಒಂದು ಸಲದ ಖರ್ಚು, ಮೇಷ್ಟ್ರ ಸಂಬಳ ಪ್ರತಿವರ್ಷದ ಖರ್ಚು. ಒಂದು ಸಲದ ದುಡ್ಡಿನಲ್ಲಿ ಪ್ರತಿವರ್ಷದ ಖರ್ಚು ಹೊತ್ತುಕೊಳ್ಳುವುದೆಂದರೆ ಅಜ್ಜನ ತೋಟ ಮಾರಿ ಬಂದ ದುಡ್ಡಿನಲ್ಲಿ ಮನೆಗೆ ಅಡುಗೆಯವರನ್ನು ಇಟ್ಟುಕೊಂಡ ಹಾಗೆ.

ಲೆಕ್ಕ ಹಾಕಿಯೇ ತೋರಿಸುತ್ತೇನೆ, ಅಂಕಿ ನನ್ನ ಕಲ್ಪನೆಯದು. ಡಿಸ್ಟ್ರಿಕ್ಟಿಗೆ ಎಲ್ಲಿಂದಲೋ ಒಂದು ಸಲದ 30 ಲಕ್ಷ ಡಾಲರ್ ಬಂತು ಅಂದುಕೊಳ್ಳಿ. ಅಭ್ಯರ್ಥಿ ಎದೆ ತಟ್ಟಿಕೊಂಡು, "ನಾನು ಗೆದ್ದರೆ ಹತ್ತು ಜನ ಕೌನ್ಸಿಲರ್‌ಗಳನ್ನು ನೇಮಿಸ್ತೀನಿ, ಮಕ್ಕಳ ಮಾನಸಿಕ ಆರೋಗ್ಯ ಮುಖ್ಯ" ಅಂತಾರೆ. ಮುಖ್ಯವೇ, ಯಾರು ಇಲ್ಲ ಅಂದರು? ಒಬ್ಬರಿಗೆ ಸಂಬಳ, ಸವಲತ್ತು, ಪಿಂಚಣಿ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ. ಹತ್ತು ಜನಕ್ಕೆ 15 ಲಕ್ಷ. ಎರಡು ವರ್ಷಕ್ಕೆ ಗಂಟು ಖಾಲಿ. ಮೂರನೇ ವರ್ಷದ 15 ಲಕ್ಷ ಎಲ್ಲಿಂದ? ಅದು 15 ಲಕ್ಷದಲ್ಲೇ ನಿಲ್ಲುವುದೂ ಇಲ್ಲ. ಶಿಕ್ಷಕರ ಪಿಂಚಣಿ ನಿಧಿಗೆ ಡಿಸ್ಟ್ರಿಕ್ಟ್ ಕಟ್ಟುವ ಪಾಲು 2013-14ರಲ್ಲಿ ಸಂಬಳದ ಶೇ. 8.25 ಇದ್ದದ್ದು 2022-23ಕ್ಕೆ ಶೇ. 19.1ಕ್ಕೆ ಏರಿತು, ಅದು ಬೋರ್ಡಿನ ಕೈಯಲ್ಲಿಲ್ಲದ ಖರ್ಚು. ಇನ್ನು ಮುಂದಿನ ವರ್ಷ ಯಾರನ್ನಾದರೂ ಕೈಬಿಡುವುದಾದರೆ ಈ ವರ್ಷ ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕು. ಅಂದರೆ ಎರಡನೇ ವರ್ಷದ ಮಧ್ಯದಲ್ಲೇ ಬೋರ್ಡ್ ತೀರ್ಮಾನ ಮಾಡಿರಬೇಕು. ಕತ್ತರಿ ಆ ಹತ್ತು ಜನರ ಮೇಲೇ ಬೀಳಬೇಕೆಂಬ ನಿಯಮವೂ ಇಲ್ಲ. ಸಂಗೀತದ ಮೇಷ್ಟ್ರ ಮೇಲೆ ಬೀಳಬಹುದು, ಲೈಬ್ರರಿಯ ಮೇಲೆ ಬೀಳಬಹುದು.

ಇದು ಬರೀ ನನ್ನ ಕಲ್ಪನೆಯಲ್ಲ. ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರ 2021ರ ಕಾಯ್ದೆಯೊಂದರಲ್ಲೇ ದೇಶದ ಶಾಲೆಗಳಿಗೆ ಸುಮಾರು 12,200 ಕೋಟಿ ಡಾಲರ್ ಕೊಟ್ಟಿತು, ಅದನ್ನು ಎಲ್ಲಿ ಖರ್ಚು ಮಾಡುತ್ತೀರೆಂದು 2024ರ ಸೆಪ್ಟೆಂಬರ್ 30ರೊಳಗೆ ಖಚಿತಪಡಿಸಬೇಕು ಎಂಬ ಗಡುವಿನೊಂದಿಗೆ. ಗಡುವು ಕಾಗದದ ಮೇಲೆ ಮೊದಲ ದಿನದಿಂದ ಇತ್ತು. ಆದರೂ ಗಡುವು ಮುಗಿದಾಗ ಸಿಡಿಲು ಬಡಿದವರ ಹಾಗೆ ಕೂತ ಬೋರ್ಡುಗಳುಂಟು.

ಹಾಗಾಗಿ ಅಭ್ಯರ್ಥಿ ಏನೇ ಕೊಡ್ತೀನಿ ಅನ್ನಲಿ, ಮೂರನೇ ವರ್ಷದ ಸಂಬಳ ಎಲ್ಲಿಂದ ಎಂದು ಕೇಳಿ. "ಆಡಳಿತದ ದುಂದುವೆಚ್ಚ ಕಡಿಮೆ ಮಾಡ್ತೀನಿ" ಎಂದರೆ ಅವರು ಬಜೆಟ್ ತೆರೆದಿಲ್ಲ ಎಂದೇ ನನ್ನ ಅನುಮಾನ. ಡಿಸ್ಟ್ರಿಕ್ಟಿನ ಖರ್ಚಿನಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಸಂಬಳ ಸವಲತ್ತಿಗೇ ಹೋಗುತ್ತದೆ, ಅದರ ಬಹುಪಾಲು ಶಾಲೆಗಳ ಒಳಗೇ ಇದೆ. "ಬಾಂಡ್ ದುಡ್ಡು ಇದೆಯಲ್ಲ" ಎಂದರೆ ಅನುಮಾನವೇ ಬೇಡ, ತೆರೆದಿಲ್ಲ. ಬಾಂಡ್ ಅಂದರೆ ಮತದಾರರ ಒಪ್ಪಿಗೆ ಪಡೆದು ಎತ್ತುವ ಸಾಲ, ಅದರ ದುಡ್ಡು ಕಟ್ಟಡಕ್ಕೆ, ಸಂಬಳಕ್ಕಲ್ಲ. "ಪಾರ್ಸೆಲ್ ಟ್ಯಾಕ್ಸ್ ಹಾಕಬೇಕಾಗುತ್ತೆ" (ಪ್ರತಿ ಆಸ್ತಿಯ ಮೇಲೆ ಹಾಕುವ ತೆರಿಗೆ ಅದು) ಅಥವಾ "ಒಂದು ಶಾಲೆ ಮುಚ್ಚಬೇಕಾದೀತು" ಅಂದವರು ನಿಮಗೆ ಇಷ್ಟವಾಗದಿರಬಹುದು. ಆದರೆ ಅವರು ಲೆಕ್ಕ ನೋಡಿದ್ದಾರೆ.

ಲೆಕ್ಕ ನೋಡದಿದ್ದರೆ ಏನಾಗುತ್ತದೆಂದು ಈ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲೇ ಆಗಿಹೋಗಿದೆ. 1991ರಲ್ಲಿ ರಿಚ್ಮಂಡ್ ಡಿಸ್ಟ್ರಿಕ್ಟ್ ದುಡ್ಡು ಮುಗಿಯಿತೆಂದು ಶಾಲೆಗಳನ್ನು ಆರು ವಾರ ಮೊದಲೇ ಮುಚ್ಚಲು ಹೊರಟಿತ್ತು. ಪೋಷಕರು ಕೋರ್ಟಿಗೆ ಹೋದರು, ರಾಜ್ಯ ಸಾಲ ಕೊಟ್ಟು ಉಳಿಸಿತು. ಆ ಸಾಲ ತೀರಿದ್ದು 2012ರಲ್ಲಿ. ಓಕ್ಲೆಂಡಿಗೆ 2003ರಲ್ಲಿ ರಾಜ್ಯ 10 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಜೊತೆಗೆ ರಾಜ್ಯದ ಆಡಳಿತಾಧಿಕಾರಿ ಬಂದು ಕೂತರು, ಜನ ಆರಿಸಿದ ಬೋರ್ಡಿನ ಅಧಿಕಾರ ಹೋಯಿತು. ರಿಚ್ಮಂಡ್ ಆದಮೇಲೆ ಬಂದ ಕಾನೂನಿನ ಪ್ರಕಾರ ಪ್ರತಿ ಡಿಸ್ಟ್ರಿಕ್ಟೂ ವರ್ಷಕ್ಕೆ ಎರಡು ಸಲ, ಈ ವರ್ಷ ಮತ್ತು ಮುಂದಿನ ಎರಡು ವರ್ಷ ಬಿಲ್ಲು ಕಟ್ಟಬಲ್ಲೆವೋ ಇಲ್ಲವೋ ಎಂದು ಬರೆದುಕೊಡಬೇಕು. 'ಪಾಸಿಟಿವ್' ಅಂದರೆ ಕಟ್ಟಬಲ್ಲೆವು, 'ಕ್ವಾಲಿಫೈಡ್' ಅಂದರೆ ಕಷ್ಟವಾಗಬಹುದು, 'ನೆಗೆಟಿವ್' ಅಂದರೆ ಆಗುವುದಿಲ್ಲ. ಮೊದಲನೆಯದು ಡಿಸೆಂಬರ್ ಮಧ್ಯದಲ್ಲಿ, ಎರಡನೆಯದು ಮಾರ್ಚ್ ಮಧ್ಯದಲ್ಲಿ ಬೋರ್ಡಿನ ಸಭೆಗೆ ಬರುತ್ತದೆ. ವರದಿ ನೂರು ಪುಟವಿರಬಹುದು, ನೀವು ಮೂರು ವರ್ಷದ ಅಂದಾಜಿರುವ ಪುಟಗಳನ್ನು ನೋಡಿದರೆ ಸಾಕು.

(ಡಿಸೆಂಬರ್ ಎಂದಾಗ ನೆನಪಾಯಿತು. ಊರಿಗೆ ಹೋದವರು ಸಂಕ್ರಾಂತಿ ಮುಗಿಸಿಕೊಂಡೇ ಬರುವ ಅಭ್ಯಾಸ ನಮ್ಮಲ್ಲಿದೆ. ರಾಜ್ಯದ ಹೆಚ್ಚಿನ ಡಿಸ್ಟ್ರಿಕ್ಟ್‌ಗಳಿಗೆ ದುಡ್ಡು ಬರುವುದು ಮಕ್ಕಳ ಹಾಜರಿಯ ಲೆಕ್ಕದಲ್ಲಿ. ಪಾಲೋ ಆಲ್ಟೋದಂಥ ಆಸ್ತಿ ತೆರಿಗೆಯಿಂದಲೇ ನಡೆಯುವ ಕಡೆ ಬೇರೆ. ಹೋಗಬೇಡಿ ಅನ್ನುವುದಿಲ್ಲ, ಅಜ್ಜಿಯನ್ನೂ ನೋಡಬೇಕಲ್ಲ. ಹೋಗುವ ಮುಂಚೆ ಶಾಲೆಯಲ್ಲಿ ಇಂಡಿಪೆಂಡೆಂಟ್ ಸ್ಟಡಿಗೆ, ಅಂದರೆ ಹೊರಗಿದ್ದೇ ಪಾಠ ಮಾಡಿಕೊಂಡು ಹಾಜರಿ ಉಳಿಸಿಕೊಳ್ಳುವ ಏರ್ಪಾಡಿಗೆ, ಸಹಿ ಹಾಕಿ ಹೋಗಿ.)

ಹಿನ್ನೆಲೆ ನೋಡುವುದಾದರೆ ಎಲ್ಲಿ ನೋಡಬೇಕು? ಈಗಾಗಲೇ ಬೋರ್ಡಿನಲ್ಲಿದ್ದವರಾದರೆ ಸಭೆಯ ನಡಾವಳಿ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲೇ ಇರುತ್ತದೆ, ಯಾವುದಕ್ಕೆ ಹೂಂ ಅಂದರು ಯಾವುದಕ್ಕೆ ಉಹೂಂ ಅಂದರು ಎಂದು. ಹೊಸಬರಾದರೆ ಬಾಂಡ್ ಮೇಲ್ವಿಚಾರಣಾ ಸಮಿತಿಯಲ್ಲೋ ಪೋಷಕರು, ಮೇಷ್ಟ್ರುಗಳು ಸೇರಿರುವ ಶಾಲೆಯ ಸೈಟ್ ಕೌನ್ಸಿಲ್‌ನಲ್ಲೋ ಕೂತಿದ್ದರೇ ಎಂದು ವಿಚಾರಿಸಿ. ಯಾರೂ ಫೋಟೋ ತೆಗೆಯದ ಕೆಲಸಗಳು ಇವು. ಚುನಾವಣೆಗೆ 2,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ದೇಣಿಗೆ ಎತ್ತಿದವರು ಅದರ ಲೆಕ್ಕವನ್ನು ಫಾರ್ಮ್ 460ರಲ್ಲಿ ಸಲ್ಲಿಸಬೇಕು. 100 ಡಾಲರ್ ಮತ್ತು ಮೇಲೆ ಕೊಟ್ಟವರ ಹೆಸರು, ಕಸುಬು, ಕೆಲಸದ ಜಾಗ ಎಲ್ಲ ಅದರಲ್ಲಿ ಸಿಗುತ್ತದೆ. ಅಲ್ಲಿ ಶಿಕ್ಷಕರ ಯೂನಿಯನ್ ಕಂಡ ಕೂಡಲೇ "ಕೊಂಡುಕೊಂಡಿದ್ದಾರೆ" ಎಂದು ವಾಟ್ಸಾಪಿನಲ್ಲಿ ಹಾಕಬೇಡಿ, ಮೇಷ್ಟ್ರುಗಳಿಗೂ ಅಭಿಪ್ರಾಯವಿದೆ. ಆದರೆ ಸಂಬಳದ ಮಾತುಕತೆಯಲ್ಲಿ ಅದೇ ಯೂನಿಯನ್ನಿನ ಎದುರು ಇವರು ಹೇಗೆ ನಿಲ್ಲುತ್ತಾರೆ ಎಂದು ಕೇಳುವುದು ತಪ್ಪಲ್ಲ. ಬಾಂಡ್ ಇರುವ ಕಡೆ ಆರ್ಕಿಟೆಕ್ಟ್, ಕಂಟ್ರಾಕ್ಟರ್‌ಗಳ ಹೆಸರು ಕಂಡರೂ ಇದೇ ಮಾತು.

ಆ ಲೈಬ್ರರಿ ಸಭೆಯಲ್ಲಿ ಒಬ್ಬ ಅಭ್ಯರ್ಥಿಯ ಹೆಸರಿನ ಕೆಳಗೆ 'ಫುಡ್ ಸರ್ವಿಸ್ ವರ್ಕರ್' ಎಂದಿತ್ತು. ಪಕ್ಕದ ಡಿಸ್ಟ್ರಿಕ್ಟಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು. (ತಾನು ಕೆಲಸ ಮಾಡುವ ಡಿಸ್ಟ್ರಿಕ್ಟಿನದೇ ಬೋರ್ಡಿನಲ್ಲಿ ಕೂರಬೇಕಾದರೆ ರಾಜೀನಾಮೆ ಕೊಡಬೇಕಾಗುತ್ತದೆ.) ನನ್ನ ಪಕ್ಕ ಕೂತಿದ್ದವರು ನಕ್ಕರು. ದುಡ್ಡಿನ ಪ್ರಶ್ನೆ ಬಂದಾಗ ಹಾಜರಾತಿ ಎಷ್ಟು ಇಳಿದಿದೆ, ಮುಂದಿನ ವರ್ಷಕ್ಕೆ ಎಷ್ಟು ಕೊರತೆ ಎಂದು ಬಾಯಿಪಾಠವಾಗಿ ಹೇಳಿದ್ದು ಅವರೊಬ್ಬರೇ. ಹಾಗಂತ ಎಲ್ಲ ಸರಿ ಹೇಳಿದರು ಅನ್ನಲಾರೆ, ಬಾಂಡಿನ ವಿಷಯದಲ್ಲಿ ಎಡವಿದರು. ಸೋತರು. ಗೆದ್ದವರಲ್ಲಿ ಒಬ್ಬರು ಸಿಂಗಪುರಕ್ಕೆ ತಲೆ ಆಡಿಸಿದ್ದ ಪಿಎಚ್‌ಡಿ. ನ್ಯಾಯವಾಗಿ ಹೇಳಬೇಕೆಂದರೆ ಅವರು ಈಗ ಆ ಬೋರ್ಡಿನಲ್ಲಿ ಬಜೆಟ್ಟಿನ ಬಗ್ಗೆ ಚೆನ್ನಾಗಿ ಪ್ರಶ್ನೆ ಕೇಳುವ ಸದಸ್ಯರು. ಪಿಎಚ್‌ಡಿ ಮಾಡಿದ್ದು ಜೀವರಸಾಯನಶಾಸ್ತ್ರದಲ್ಲಿ, ಅದರಿಂದ ಏನೂ ಉಪಯೋಗವಾಗಲಿಲ್ಲ. ಸಭೆಗೆ 72 ಗಂಟೆ ಮೊದಲು ಹೊರಬೀಳುವ ಅಜೆಂಡಾವನ್ನು ಕಾಗದಪತ್ರದ ಸಮೇತ ಓದಿಕೊಂಡು ಬರುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರೆ.

ಇಷ್ಟೆಲ್ಲ ಓದಿ ಆರಿಸಿದ ವೋಟು ಲೆಕ್ಕಕ್ಕೆ ಸಿಗದೇ ಹೋಗುವುದೂ ಉಂಟು. ಲಕೋಟೆಯ ಮೇಲಿನ ಸಹಿಯನ್ನು ಕೌಂಟಿಯವರು ತಮ್ಮ ಹತ್ತಿರ ಇರುವ ಸಹಿಯ ಜೊತೆ ಹೋಲಿಸಿ ನೋಡುತ್ತಾರೆ. ನೋಂದಣಿ ಮಾಡಿಸುವಾಗ ಕನ್ನಡದಲ್ಲಿ ಸಹಿ ಹಾಕಿದ್ದವರು ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಗೀಚಿದರೆ ತಾಳೆಯಾಗುವುದಿಲ್ಲ. ಆಗ ಮನೆಗೆ ಒಂದು ಪತ್ರ ಬರುತ್ತದೆ, ಅದಕ್ಕೆ ಸಹಿ ಹಾಕಿ ಗಡುವಿನೊಳಗೆ ವಾಪಸ್ ಕಳಿಸಿದರೆ ವೋಟು ಎಣಿಕೆಗೆ ಸೇರುತ್ತದೆ. ನಮ್ಮವರು ಬಹಳ ಮಂದಿ ಅದನ್ನು ಜಾಹೀರಾತು ಅಂದುಕೊಂಡು ಕಸದ ಡಬ್ಬಿಗೆ ಹಾಕುತ್ತಾರೆ. ನವೆಂಬರಿನಲ್ಲಿ ಕೌಂಟಿಯಿಂದ ಏನೇ ಬಂದರೂ ಒಡೆದು ನೋಡಿ.