ಅಮ್ಮನ ಹಲ್ಲಿಗೆ ಸರ್ವೆ

ನಮ್ಮ ಕಡೆ ಸರ್ವೇಯರ್ ಅಂದ್ರೆ ತಾಲ್ಲೂಕು ಆಫೀಸಿನಿಂದ ಬಂದು ಜಮೀನು ಅಳೆಯುವವರು. ಹಲ್ಲಿಗೂ ಸರ್ವೇಯರ್ ಅನ್ನೋ ಉಪಕರಣ ಇದೆ ಅಂತ ನನಗೆ ಗೊತ್ತಾಗಿದ್ದು ಗುಬ್ಬಿಯಲ್ಲಿರುವ ಅಮ್ಮನ ಹಲ್ಲಿನ ಸೆಟ್ ಕೈಕೊಟ್ಟ ಮೇಲೆ.

ಅಮ್ಮನಿಗೆ ಕೆಳಗಡೆ ಎರಡೂ ಬದಿಯ ದವಡೆ ಹಲ್ಲು ಹೋಗಿವೆ. ಒಂದು ಕ್ಲಿನಿಕ್‌ನಲ್ಲಿ ಅಳತೆ ತಗೊಂಡರು, ವಾರದಲ್ಲಿ ಸೆಟ್ ಬಂತು. ಮುದ್ದೆಗೆ ತೊಂದರೆ ಇರಲಿಲ್ಲ, ಅದನ್ನು ಅಗಿಯುವವರಾದರೂ ಯಾರು? ಕೊಬ್ಬರಿ ಚೂರು ಬಾಯಿಗೆ ಹಾಕಿದರೆ ಮಾತ್ರ ಸೆಟ್ ಎದ್ದು ಬರುತ್ತಿತ್ತು. ಹಲ್ಲು ಹಿಡಿಯುವ ಅದರ ತಂತಿ ಬಿಗಿ ಮಾಡಿಸಿದೆವು. ಆಮೇಲೆ ತೆಗೆಯುವಾಗೆಲ್ಲ ಪಕ್ಕದ ಹಲ್ಲನ್ನೇ ಕಿತ್ತುಕೊಂಡು ಬರುವ ಹಾಗೆ ಎಳೆಯತೊಡಗಿತು. ಕೊನೆಗೆ ಸೆಟ್ ಸ್ಟೀಲ್ ಲೋಟದ ನೀರಿನಲ್ಲಿ ಕೂತಿತು.

ಹಲ್ಲಿನ ಆಕಾರ ನೋಡಿ. ಬಿಂದಿಗೆಗೆ ಇರುವ ಹಾಗೆ ಅದಕ್ಕೂ ಒಂದು ಹೊಟ್ಟೆ ಇದೆ, ವಸಡಿನ ಕಡೆ ಸಣ್ಣಗಾಗುತ್ತದೆ. ಸೆಟ್‌ನ ಕೊಕ್ಕೆ ಆ ಉಬ್ಬು ದಾಟಿ ಕೆಳಗಿನ ಒಳಸರಿದ ಜಾಗದಲ್ಲಿ ಕೂತರೇ ಹಿಡಿತ. ಎಷ್ಟು ಒಳಗೆ? ಎರಕದ ಕೋಬಾಲ್ಟ್ ಕ್ರೋಮಿಯಂ ಲೋಹದ ಕೊಕ್ಕೆಗೆ ಸಾಮಾನ್ಯವಾಗಿ 0.25 ಮಿಲಿಮೀಟರ್, ಬಗ್ಗಿಸಿದ ತಂತಿಗೆ 0.5. ಕಣ್ಣಳತೆಗೆ ಸಿಗುವ ಲೆಕ್ಕವಲ್ಲ ಇದು. ಜೊತೆಗೆ ಇನ್ನೊಂದು ತಕರಾರು: ಒಂದೊಂದು ಹಲ್ಲು ಒಂದೊಂದು ಕಡೆ ವಾಲಿರುತ್ತದೆ, ಸೆಟ್ ಮಾತ್ರ ಒಂದೇ ದಾರಿಯಲ್ಲಿ ಇಳಿಯಬೇಕು. ಗಾರೆಯವರು ಗೋಡೆಗೆ ತೂಗುಗುಂಡು ಬಿಟ್ಟು ನೋಡ್ತಾರಲ್ವಾ, ಹಾಗೆ ಎಲ್ಲ ಹಲ್ಲನ್ನೂ ಒಂದೇ ನೇರದಿಂದ ನೋಡಬೇಕು.

ಬ್ರಿಡ್ಜ್ (ಅಕ್ಕಪಕ್ಕದ ಹಲ್ಲಿನ ಆಧಾರದಲ್ಲಿ ಕಾಯಂ ಕೂರಿಸುವ ಹಲ್ಲು) ಕಟ್ಟುವಾಗ ಹಲ್ಲುಗಳು ಒಂದೇ ನೇರಕ್ಕಿವೆಯಾ ಎಂದು ನೋಡಲು ಪ್ಯಾರಲೆಲೋಮೀಟರ್ ಎಂಬ ಸಾಧನ ಇತ್ತು. 1918ರಲ್ಲಿ ಬಾಸ್ಟನ್‌ನಲ್ಲಿ ಫಾರ್ಚುನಾಟಿ ಎಂಬ ದಂತವೈದ್ಯರು ಅದರ ಕಡ್ಡಿ ತೆಗೆದು ಪೆನ್ಸಿಲ್ ಸೀಸದಂಥ ಗ್ರಾಫೈಟ್ ಕಡ್ಡಿ ಸಿಕ್ಕಿಸಿ ತೋರಿಸಿದರು. ಅಷ್ಟೇ! ಉಬ್ಬಿನ ಗೆರೆ ತಾನಾಗಿಯೇ ಹಲ್ಲಿನ ಮೇಲೆ ಮೂಡಿತು. 1923ರಲ್ಲಿ ನೇ (Ney) ಎಂಬ ಕಂಪನಿಯ, ಇಂಥ ಗೆರೆ ಎಳೆಯುವ ಸರ್ವೇಯರ್ ಮಾರಾಟಕ್ಕೆ ಬಂತು. ಇವತ್ತಿಗೂ ಅದರ ರೂಪ ಹೆಚ್ಚೇನೂ ಬದಲಾಗಿಲ್ಲ. 1930ರ ದಶಕದಲ್ಲಿ ಬಂದ ಕೋಬಾಲ್ಟ್ ಕ್ರೋಮಿಯಂ ಮುಂಚಿನ ಚಿನ್ನದಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ತಪ್ಪಿದರೆ ತಿದ್ದುವುದು ಕಷ್ಟ, ಹಾಗಾಗಿ ಸರ್ವೇಯರ್ ಇನ್ನೂ ಬೇಕಾಯಿತು. ಅದೇ ದಶಕದ ಕೊನೆಗೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಬಂತು. ಅಗ್ಗ, ಉಜ್ಜಿ ಸರಿಮಾಡಬಹುದು, ತಂತಿಯನ್ನು ಇಕ್ಕಳದಲ್ಲಿ ತಿರುಚಬಹುದು. ಆಮೇಲೆ ನೋಡ್ಕೊಳ್ಳೋಣ ಅನ್ನುವ ಅಭ್ಯಾಸ ಶುರುವಾದದ್ದು ಇಲ್ಲಿಂದ ಅನ್ನುವುದು ನನ್ನ ಅನಿಸಿಕೆ. ನಮ್ಮೂರ ಕಡೆ ಸೆಟ್ ಅಂದರೆ ಜಾಸ್ತಿ ಇದೇ ಅಕ್ರಿಲಿಕ್.

ಈ ಸಲ ಅಮ್ಮನನ್ನು ತುಮಕೂರಿನ ದಂತ ಕಾಲೇಜಿಗೆ ಕರೆದುಕೊಂಡು ಹೋದೆ. ಅಳತೆಯಿಂದ ತೆಗೆದ ಅಚ್ಚನ್ನು ವಿದ್ಯಾರ್ಥಿನಿ ಒಂದು ಪುಟ್ಟ ಮೇಜಿಗೆ ಬಿಗಿದಳು. ಮೇಜು ಎತ್ತ ಬೇಕಾದರೂ ವಾಲುತ್ತದೆ, ಮೇಲಿನ ಕಡ್ಡಿ ಮಾತ್ರ ಸದಾ ನೆಟ್ಟಗೆ. ವಾಲಿಸಿ, ನೋಡಿ, ಮತ್ತೆ ವಾಲಿಸಿ ತಿರುಪು ಬಿಗಿ ಮಾಡಿದಳು. ಸೀಸದ ಕಡ್ಡಿ ಹಲ್ಲಿನ ಸುತ್ತ ಕಪ್ಪು ಗೆರೆ ಎಳೆಯಿತು.

"ಏನಮ್ಮಾ, ಪೋಡಿ ಮಾಡ್ತಿದ್ದೀಯಾ?" ಅಂದರು ಅಮ್ಮ.

"ಹೂಂ ಅಜ್ಜಿ, ಹದ್ದುಬಸ್ತು ಮಾಡಿಯೇ ಕೊಕ್ಕೆ ಹಾಕೋದು" ಅಂತ ನಕ್ಕಳು.

ಆಮೇಲೆ ತುದಿಯಲ್ಲಿ ಸಣ್ಣ ಅಂಚಿರುವ ಇನ್ನೊಂದು ಕಡ್ಡಿ ಸಿಕ್ಕಿಸಿದಳು. ಕಡ್ಡಿ ಉಬ್ಬಿಗೆ ತಾಗಿದಾಗಲೇ ಕೆಳಗೆ ಅಂಚೂ ತಾಗಬೇಕು, ಕೊಕ್ಕೆಯ ತುದಿಗೆ ಅದೇ ಜಾಗ. ಅಚ್ಚಿನ ಮೇಲೆ ಒಂದೇ ಮಟ್ಟದಲ್ಲಿ ಮೂರು ಗುರುತು ಹಾಕಿದಳು. ಲ್ಯಾಬ್‌ನವರು ಅಚ್ಚನ್ನು ಇದೇ ವಾಲಿಗೆ ತಿರುಗಿ ಕೂರಿಸಲು ಅದು ಬೇಕಂತೆ. ವಾಲು ಬದಲಾದರೆ ಗೆರೆಯೇ ಬದಲಾಗುತ್ತದೆ.

ಸುಮ್ನೆ ನೋಡೋಣ ಅಂತ ಅಮ್ಮನ ಹಳೇ ಸೆಟ್ ಅನ್ನು ಅಚ್ಚಿನ ಮೇಲೆ ಇಟ್ಟಳು. ಎಡಗಡೆ ತಂತಿ ಕಪ್ಪು ಗೆರೆಯ ಮೇಲೆಯೇ ನಿಂತಿತ್ತು. ಬಲಗಡೆಯದು ಗೆರೆಯಿಂದ ಬಹಳ ಕೆಳಗೆ, ವಸಡಿನ ಹತ್ತಿರ ಹೋಗಿ ಸಿಕ್ಕಿಕೊಂಡಿತ್ತು.